ಮರುಭೂಮಿಯಲ್ಲಿ ಮೌಂಟನ್ ಬೈಕ್: ಬಿಸಿಲೂರಿನವರಿಗೂ ಬೇಕು ತಯಾರಿ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಜ್ಯಕ್ಕೆ ಸೈಕಲ್ ಪಟುಗಳನ್ನು ಕೊಟ್ಟ ನೆಲ. ಇಲ್ಲಿ ಪೆಡಲ್ ತುಳಿದು ಬೆಳೆದವರು ಕೆಲಸಕ್ಕೆ ದುಬೈಗೋ, ಓದಿಗೆ ಅಮೆರಿಕಕ್ಕೋ ಹೋದರೂ ಸೈಕಲ್ ಬಿಡುವುದಿಲ್ಲ. ದುಬೈಗೆ ಸೇರಿದ ಹತ್ತಾ ಗುಡ್ಡಗಳಲ್ಲಿ ಮೌಂಟನ್ ಬೈಕಿಗೆಂದೇ, ಅಂದರೆ ಗುಡ್ಡಗಾಡಿನಲ್ಲಿ ತುಳಿಯುವ ಸೈಕಲ್ಲಿಗೆಂದೇ, ಮಾಡಿದ ದಾರಿಗಳಿವೆ. ಅಮೆರಿಕದ ಯೂಟಾ ರಾಜ್ಯದ ಮೋಆಬ್‌ನಲ್ಲಿರುವ ಮರಳುಗಲ್ಲಿನ ದಾರಿಗಳಂತೂ ಜಗತ್ತಿಗೇ ಹೆಸರುವಾಸಿ. ‘ಬಿಸಲು ನಮಗೇನ್ ಹೊಸಾದೇನ್ರೀ’ ಎಂದುಕೊಂಡು ಅಲ್ಲಿಗೆ ಹೊರಡುವುದೇ ದೊಡ್ಡ ಅಪಾಯ. ಬಿಸಿಲು ತಾಳುವುದನ್ನು ಮೈ ಒಂದೆರಡು ವಾರದಲ್ಲಿ ಕಲಿಯುತ್ತದೆ, ಎ.ಸಿ. ಕೋಣೆಯಲ್ಲಿ ಮೂರ್ನಾಲ್ಕು ವಾರ ಕೂತರೆ ಬಹುಪಾಲು ಮರೆತೂಬಿಡುತ್ತದೆ. ವರ್ಷವಿಡೀ ತಂಪು ಕಚೇರಿಯಲ್ಲಿ ಕಳೆದ ಇಂಡಿ ತಾಲ್ಲೂಕಿನ ಹುಡುಗನೂ ಊಟಿಯವನೂ ಆ ಬಿಸಿಲಿಗೆ ಒಂದೇ.

ಮೊದಲು ಕಾಲ, ಹೊತ್ತು

ದುಬೈ ಇರುವ ಎಮಿರೇಟ್ಸ್‌ (ಯು.ಎ.ಇ.) ದೇಶದಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಮೋಆಬ್‌ಗೆ ವಸಂತ ಅಥವಾ ಸೆಪ್ಟೆಂಬರ್ ನಂತರದ ದಿನಗಳು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ದುಡಿಸುವುದನ್ನು ಎಮಿರೇಟ್ಸ್ ಸರ್ಕಾರವೇ ನಿಷೇಧಿಸಿದೆ. ಕೂಲಿಗೇ ಬೇಡವೆಂದ ಬಿಸಿಲು ಖುಷಿಯ ಸವಾರಿಗೂ ಬೇಡ.

ಮೈ ಪಳಗಿಸಿ

ಹೊರಡುವ ಮುನ್ನ 10ರಿಂದ 14 ದಿನ ಬಿಸಿಲಿನಲ್ಲಿ ತುಳಿಯಿರಿ. ಮೊದಲ ದಿನ ಅರ್ಧ ಗಂಟೆ, ಅದೂ ನಿಧಾನವಾಗಿ. ದಿನದಿನಕ್ಕೆ ಸ್ವಲ್ಪ ಏರಿಸಿ ಒಂದು, ಒಂದೂವರೆ ಗಂಟೆಗೆ ತನ್ನಿ. ಆಗ ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಎದೆಬಡಿತ ಇಳಿಯುತ್ತದೆ. ಏಪ್ರಿಲ್‌ನಲ್ಲಿ ಊರಲ್ಲೇ ಇದ್ದರೆ ಬೆಳಗಿನ ಒಂಬತ್ತರ ಬಿಸಿಲು ಸಾಕು, ನಡು ಮಧ್ಯಾಹ್ನದ ಸಾಹಸ ಬೇಡ.

ನೀರು, ಜೊತೆಗೆ ಉಪ್ಪು

ಜನ ಸೋಲುವುದು ಇಲ್ಲೇ. ಒಣಗಾಳಿಯಲ್ಲಿ ಬೆವರು ಬಂದ ಕ್ಷಣವೇ ಆರುವುದರಿಂದ ಮೈ ಒದ್ದೆಯಾಗುವುದೇ ಇಲ್ಲ, ‘ನನಗೆ ಬೆವರೇ ಬರಲಿಲ್ಲ’ ಅನ್ನಿಸುತ್ತದೆ. ಅಂಗಿಯ ಮೇಲೆ ಮೂಡಿದ ಬಿಳಿ ಗೆರೆ ನೋಡಿ: ಅದು ನಿಮ್ಮ ಮೈಯ ಉಪ್ಪು. ನಿಖರವಾಗಿ ತಿಳಿಯಬೇಕೆಂದರೆ ಸವಾರಿಗೆ ಮೊದಲು ಮತ್ತು ನಂತರ ತೂಕ ನೋಡಿಕೊಳ್ಳಿ. ಇಳಿದ ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು. ಕುಡಿದ ನೀರನ್ನೂ ಆ ಲೆಕ್ಕಕ್ಕೆ ಸೇರಿಸಿ. ಜೋರಾಗಿ ತುಳಿದರೆ ಗಂಟೆಗೆ ಒಂದರಿಂದ ಒಂದೂವರೆ ಲೀಟರ್ ಹೋಗುವುದು ಸಾಮಾನ್ಯ.

ಹಾಗೆಂದು ಬರೀ ನೀರನ್ನೇ ಕೊಡಗಟ್ಟಲೆ ಕುಡಿಯಬೇಡಿ. ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಕೆಲವೊಮ್ಮೆ ಪ್ರಾಣಕ್ಕೇ ಸಂಚಕಾರ. ಓ.ಆರ್.ಎಸ್. ಪೊಟ್ಟಣ ಒಯ್ಯಿರಿ. ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಮಜ್ಜಿಗೆ ಮನೆಗೆ ಬಂದ ಮೇಲೆ ಅಮೃತವೇ ಸರಿ, ಆದರೆ ಬೆನ್ನಚೀಲದ ಸೆಕೆಯಲ್ಲಿ ಕೆಡುತ್ತದೆ. ನೀರಡಿಕೆ ಆಗುವವರೆಗೆ ಕಾಯದೆ ಆಗಾಗ ಗುಟುಕರಿಸಿ. ಒಯ್ದ ನೀರನ್ನು ಮೂರು ಪಾಲು ಮಾಡಿ: ಹೋಗಲು ಒಂದು, ಬರಲು ಒಂದು, ಪಂಕ್ಚರ್ ಆಗಿ ನಡೆಯಬೇಕಾಗಿ ಬಂದರೆ ಒಂದು. ಮೊದಲ ಪಾಲು ಮುಗಿದ ಜಾಗದಿಂದಲೇ ಸೈಕಲ್ ತಿರುಗಿಸಿ, ಗುಡ್ಡದ ತುದಿ ಎದುರಿಗೇ ಕಾಣುತ್ತಿದ್ದರೂ.

ಟೈರು, ಚೈನು

ನಮ್ಮ ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲ ಮುಳ್ಳೇ ಅಮೆರಿಕದ ಒಣನಾಡಿನಲ್ಲೂ ಬೇರೂರಿ ಸೈಕಲ್‌ಗಳಿಗೆ ಕಾಟ ಕೊಡುತ್ತಿದೆ. ಎಮಿರೇಟ್ಸ್‌ನಲ್ಲಿ ನಮ್ಮ ಬಳ್ಳಾರಿ ಜಾಲಿಯೇ ಎದುರಾಗುತ್ತದೆ. ಹಾಗಾಗಿ ಮುಳ್ಳು ಚುಚ್ಚಿದ ತೂತನ್ನು ತಾನೇ ಮುಚ್ಚುವ ಸೀಲೆಂಟ್ ದ್ರವ ಹಾಕಿದ ಟ್ಯೂಬ್‌ಲೆಸ್ ಟೈರು ಮೇಲು. ಬಿಸಿಲಿಗೆ ಆ ದ್ರವ ಬೇಗ ಒಣಗುವುದರಿಂದ ಹೊರಡುವ ಮುನ್ನ ನೋಡಿಕೊಳ್ಳಿ. ಚೈನಿಗೆ ಮೇಣದಂಥ ಒಣ ಲೂಬ್ರಿಕೆಂಟ್ ಇರಲಿ, ಜಿಡ್ಡೆಣ್ಣೆಗೆ ಉಸುಕು ಅಂಟಿ ಚೈನು ಸವೆಯುತ್ತದೆ.

ಉಸುಕಿನಲ್ಲಿ ತುಳಿಯುವುದು

ಬೇಸಿಗೆಯಲ್ಲಿ ಬತ್ತಿದ ಹಳ್ಳದ ಉಸುಕೇ ಇದಕ್ಕೆ ಪಾಠಶಾಲೆ. ಟೈರಿನ ಗಾಳಿ ತುಸು ಇಳಿಸಿ. ಒಳಗೆ ಟ್ಯೂಬ್ ಇದ್ದರೆ ಅತಿಯಾಗಿ ಇಳಿಸಬೇಡಿ, ಕಲ್ಲಿಗೆ ಬಡಿದು ರಿಮ್ಮಿನಡಿ ಒಡೆಯುತ್ತದೆ. ಉಸುಕು ಬರುವ ಮುನ್ನವೇ ಗೇರು ಹಗುರ ಮಾಡಿಕೊಳ್ಳಿ. ಮೈಭಾರ ಹಿಂದಕ್ಕೆ, ಹ್ಯಾಂಡಲ್ ಹಿಡಿತ ಸಡಿಲ, ನೋಟ ದೂರಕ್ಕೆ. ಮುಂದಿನ ಬ್ರೇಕ್ ಮುಟ್ಟದೆ ಒಂದೇ ಸಮನೆ ತುಳಿಯಿರಿ. ಮುಂದಿನ ಗಾಲಿ ಅತ್ತಿತ್ತ ಜಾರಿದರೆ ಜಾರಲಿ, ಬಿಗಿಹಿಡಿದು ಸರಿಪಡಿಸಲು ಹೋದವರೇ ಬೀಳುವುದು. ಮೋಡ ಕವಿದರೆ ಒಣ ಹಳ್ಳದಲ್ಲಿ ಇಳಿಯಲೇಬೇಡಿ. ದೂರದ ಗುಡ್ಡದಲ್ಲಿ ಬಿದ್ದ ಮಳೆ ನೋಡುನೋಡುತ್ತಿದ್ದಂತೆ ಪ್ರವಾಹವಾಗಿ ಬರುತ್ತದೆ.

ಜೊತೆಗಾರ ತಡವರಿಸಿದರೆ

ಒಬ್ಬರೇ ಹೋಗಬೇಡಿ. ಹೋಗುವ ದಾರಿ, ಮರಳುವ ಹೊತ್ತು ಮನೆಯಲ್ಲಿ ಹೇಳಿಟ್ಟಿರಿ, ಗುಡ್ಡದ ಸಂದಿಯಲ್ಲಿ ಮೊಬೈಲ್ ಸಿಗ್ನಲ್ ಹೋಗಬಹುದು. ಜೊತೆಗಾರ ಸಂಬಂಧವಿಲ್ಲದ ಮಾತಾಡಿದರೆ, ತೂರಾಡಿದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ತನ್ನಿ, ಹೆಲ್ಮೆಟ್, ಅಂಗಿ ತೆಗೆಯಿರಿ, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ತಂಪು ಮಾಡುತ್ತಲೇ ಆಂಬುಲೆನ್ಸ್ ಕರೆಯಿರಿ: ಎಮಿರೇಟ್ಸ್‌ನಲ್ಲಿ 998, ಅಮೆರಿಕದಲ್ಲಿ 911.