ತೋಟದ ಹೋಂಸ್ಟೇಗೆ ಅತಿಥಿ ಬಂದಾಗ: ಏನು ಬರೆದುಕೊಳ್ಳಬೇಕು, ಕ್ಯಾಮೆರಾ ಎಲ್ಲಿಡಬಾರದು

ಶನಿವಾರ ಸಂಜೆ, ಮೂಡಿಗೆರೆ ಕಡೆಯ ಯಾವುದೇ ಹೋಂಸ್ಟೇ. ಬೆಂಗಳೂರಿನ ಗಾಡಿ ಇನ್ನೂ ಹಾಸನ ದಾಟಿರುವುದಿಲ್ಲ, ಅಷ್ಟರಲ್ಲಿ ಆರು ಜನರ ಆಧಾರ್ ಫೋಟೊ ಮಾಲೀಕರ ವಾಟ್ಸ್ಆ್ಯಪ್‌ಗೆ ಬಂದು ಬಿದ್ದಿರುತ್ತದೆ. ಅಲ್ಲಿಂದ ತೋಟದ ಲೆಕ್ಕ ಬರೆಯುವ ರೈಟರ್ ಮೊಬೈಲಿಗೆ, ರೈಟರಿಂದ ಅಡುಗೆಯವರು, ಡ್ರೈವರ್ ಎಲ್ಲರೂ ಇರುವ ಗ್ರೂಪಿಗೆ. ಭಾನುವಾರ ಅಕ್ಕಿರೊಟ್ಟಿ ತಿಂದು ಅತಿಥಿಗಳು ಹೊರಡುತ್ತಾರೆ. ಆ ಫೋಟೊಗಳು ಹೊರಡುವುದಿಲ್ಲ.

ಯಾಕೆ ಇಟ್ಟುಕೊಂಡಿದ್ದೀರಿ ಎಂದರೆ ‘ಪೊಲೀಸರು ಕೇಳುತ್ತಾರಲ್ಲ’ ಎನ್ನುತ್ತಾರೆ. ಪೊಲೀಸರಿಗೆ ಬೇಕಿರುವುದು ಯಾರು ಬಂದರು, ಯಾವಾಗ, ಎಲ್ಲಿಂದ ಎಂಬ ವಿವರ. ಅದಕ್ಕೆ ಹನ್ನೆರಡು ಅಂಕಿಯ ಆಧಾರ್ ಸಂಖ್ಯೆ ಬೇಕಾಗಿಲ್ಲ. ಬಂದವರ ಲೆಕ್ಕ ಕೊಡುವುದೂ ಬಂದವರ ಗುಟ್ಟು ಕಾಯುವುದೂ ಒಂದೇ ರಿಜಿಸ್ಟರಿನಲ್ಲಿ ಆಗುವ ಕೆಲಸ.

ಮೊದಲು ರಿಜಿಸ್ಟರ್

ಕೌಂಟರಿನ ಮೇಲೆ ತೆರೆದಿಟ್ಟ ಉದ್ದನೆಯ ರಿಜಿಸ್ಟರ್ ಎಲ್ಲ ಕಡೆಯೂ ಕಾಣುತ್ತದೆ. ಇಂದು ಬಂದವರು ಸಹಿ ಹಾಕುವಾಗ ನಿನ್ನೆ ಬಂದವರ ಹೆಸರು, ಊರು, ಫೋನ್ ನಂಬರ್ ಓದುತ್ತಾರೆ. ಇದನ್ನು ತಪ್ಪಿಸಲು ಒಂದು ತಂಡಕ್ಕೆ ಒಂದೇ ಹಾಳೆ ಕೊಡಿ, ತುಂಬಿದ ಹಾಳೆಯನ್ನು ಕ್ರಮಸಂಖ್ಯೆ ಹಾಕಿ ಫೈಲಿಗೆ ಸೇರಿಸಿ, ಫೈಲ್ ಬೀರುವಿನಲ್ಲಿರಲಿ.

ಹಾಳೆಯಲ್ಲಿ ಇರಬೇಕಾದದ್ದು: ಪ್ರತಿ ವಯಸ್ಕರ ಹೆಸರು ಮತ್ತು ವಿಳಾಸ, ಒಬ್ಬರ ಫೋನ್ ನಂಬರ್, ನೋಡಿದ ಗುರುತಿನ ಚೀಟಿ ಯಾವುದು ಮತ್ತು ಅದರ ಕೊನೆಯ ನಾಲ್ಕು ಅಂಕಿ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ, ವಾಹನ ಸಂಖ್ಯೆ, ಬಂದ ಹಾಗೂ ಹೊರಟ ದಿನ-ಸಮಯ, ಸಹಿ. ಮಕ್ಕಳಿದ್ದರೆ ತಂದೆ ಅಥವಾ ತಾಯಿಯ ಹೆಸರಿನ ಕೆಳಗೆ ಎಷ್ಟು ಮಕ್ಕಳು ಎಂದು ಬರೆದರೆ ಸಾಕು. ಹೊರಟ ಸಮಯ ಬರೆಯಲು ಹೆಚ್ಚಿನವರು ಮರೆಯುತ್ತಾರೆ. ವಿಚಾರಣೆ ಎಂದು ಬಂದಾಗ ಮೊದಲು ಕೇಳುವುದೇ ಅದನ್ನು.

ಜೋಡಿ ಬಂದರೆ ಮದುವೆಯಾಗಿದೆಯೇ ಎಂದು ಕೇಳುವ ಕಾಲಂ ಕೆಲವು ಕಡೆ ಇದೆ. ತೆಗೆದುಹಾಕಿ. ಮದುವೆಯಾಗದ ವಯಸ್ಕರು ಒಂದೇ ಕೋಣೆಯಲ್ಲಿ ಉಳಿಯಬಾರದೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಾಗದದ ರಿಜಿಸ್ಟರಿಗೆ ಅನ್ವಯಿಸುವುದಿಲ್ಲ. ಆದರೆ ಅದೇ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದ ಕ್ಷಣದಿಂದ, ಎಕ್ಸೆಲ್‌ಗೆ ಏರಿಸಿದ ಕ್ಷಣದಿಂದ ಅನ್ವಯಿಸುತ್ತದೆ. ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ. ಸುರಕ್ಷತೆಯಲ್ಲಿ ಲೋಪವಾದರೆ ದಂಡದ ಮಿತಿ 250 ಕೋಟಿ ರೂಪಾಯಿ. ನಾಲ್ಕು ಕೋಣೆಯ ಹೋಂಸ್ಟೇಗೆ ಅಷ್ಟು ಹಾಕುತ್ತಾರೆಂದು ಹೆದರಬೇಕಾಗಿಲ್ಲ, ಲೋಪದ ತೂಕ ನೋಡಿಯೇ ಮೊತ್ತ ನಿಗದಿಯಾಗುತ್ತದೆ. ಸರ್ಕಾರವೇನೋ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯನ್ನು 17ನೇ ಕಲಂನಲ್ಲಿ ಇಟ್ಟುಕೊಂಡಿದೆ. ಹೋಂಸ್ಟೇ ನಡೆಸುವವರು ಅದನ್ನು ನಂಬಿ ಕೂರುವಂತಿಲ್ಲ.

ಆಧಾರ್ ನೋಡಿ, ಇಟ್ಟುಕೊಳ್ಳಬೇಡಿ

ಆಧಾರ್ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 8ಎ ಕಲಂ ಇದೆ. ಆಫ್‌ಲೈನ್‌ನಲ್ಲಿ ಆಧಾರ್ ಪರಿಶೀಲಿಸುವವರು ಆಧಾರ್ ಸಂಖ್ಯೆಯನ್ನು ಸಂಗ್ರಹಿಸಬಾರದು, ಬಳಸಬಾರದು, ಇಟ್ಟುಕೊಳ್ಳಬಾರದು ಎನ್ನುತ್ತದೆ ಅದು. ಹೋಟೆಲುಗಳಿಗೆ ಜೆರಾಕ್ಸ್ ಕೊಡಬೇಡಿ ಎಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ 27ರಂದು ಎಚ್ಚರಿಕೆ ಕೊಟ್ಟಿತು. ತಪ್ಪರ್ಥ ಬರುತ್ತದೆಂದು ಎರಡೇ ದಿನಕ್ಕೆ ಅದನ್ನು ವಾಪಸ್ ಪಡೆದರು. ಪ್ರಕಟಣೆ ಹೋಯಿತು, ಕಲಂ ಹೋಗಲಿಲ್ಲ.

ಮಾಡಬೇಕಾದದ್ದು ಸುಲಭ. ಬುಕಿಂಗ್ ದೃಢಪಡಿಸುವ ಸಂದೇಶದಲ್ಲೇ ‘ಗುರುತಿನ ಚೀಟಿ ಜೊತೆಗೆ ತನ್ನಿ, ಫೋಟೊ ಕಳಿಸುವುದು ಬೇಡ’ ಎಂದು ಬರೆಯಿರಿ. ಬಂದಾಗ ಚೀಟಿ ನೋಡಿ, ಮುಖ ಹೋಲಿಸಿ, ಹಾಳೆ ತುಂಬಿಸಿ, ಚೀಟಿ ಹಿಂದಿರುಗಿಸಿ. ಚಾಲನಾ ಪರವಾನಗಿ ಅಥವಾ ಮತದಾರರ ಚೀಟಿ ಇದ್ದರೆ ಆಧಾರ್ ಕೇಳುವ ಅಗತ್ಯವೇ ಇಲ್ಲ. ಪ್ಯಾನ್ ಕಾರ್ಡ್ ಮಾತ್ರ ಸಾಲದು, ಅದರಲ್ಲಿ ವಿಳಾಸವಿರುವುದಿಲ್ಲ.

ಚೀಟಿ ನಕಲಿಯೇ ಎಂಬ ಅನುಮಾನ ಬಂದರೆ ಆಧಾರಿನ ಮೇಲಿರುವ ಕ್ಯೂಆರ್ ಚೌಕವನ್ನು ಎಂ-ಆಧಾರ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ. ಆ ಚೌಕದೊಳಗಿನ ವಿವರಕ್ಕೆ ಪ್ರಾಧಿಕಾರದ ಡಿಜಿಟಲ್ ಸಹಿ ಇದೆ. ಕಾರ್ಡಿನ ಮೇಲಿನ ಹೆಸರು ತಿದ್ದಬಹುದು, ಚೌಕದೊಳಗಿನದನ್ನು ತಿದ್ದಿದರೆ ಸಹಿ ಹೊಂದುವುದಿಲ್ಲ. ಜೆರಾಕ್ಸ್ ನೋಡಿದರೆ ಈ ಯಾವುದೂ ಗೊತ್ತಾಗುವುದಿಲ್ಲ. ನಕಲಿ ಕಾರ್ಡಿನ ಜೆರಾಕ್ಸೂ ಚೆನ್ನಾಗಿಯೇ ಬರುತ್ತದೆ.

ಪ್ರತಿ ಬೇಕೇ ಬೇಕು ಎನ್ನುವವರು ಮೊದಲ ಎಂಟು ಅಂಕಿ ಮುಚ್ಚಿದ ‘ಮಾಸ್ಕ್ಡ್ ಆಧಾರ್’ ಕೇಳಲಿ. ಅತಿಥಿಗಳು ಪ್ರಾಧಿಕಾರದ ಮೈಆಧಾರ್ ತಾಣದಲ್ಲಿ ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಎಂಬ ಕಡೆ ಗುರುತು ಹಾಕಿದರೆ ಸಿಗುತ್ತದೆ. ಆ ಪಿಡಿಎಫ್ ತೆರೆಯಲು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ ಸೇರಿಸಿದ ಪಾಸ್‌ವರ್ಡ್ ಬೇಕು. ಇದನ್ನು ಬೆಂಗಳೂರಿನಲ್ಲೇ ಮಾಡಿಕೊಂಡು ಬರಲು ಹೇಳಿ. ಗಿರಿಯ ತಪ್ಪಲಲ್ಲಿ ಒಟಿಪಿ ಬರುತ್ತದೆಂದು ಕಾಯುತ್ತಾ ಕೂತರೆ ಕಾಫಿ ಆರುತ್ತದೆ.

ವಿದೇಶಿ ಅತಿಥಿ: 24 ಗಂಟೆ

ಇಲ್ಲಿ ಸಡಿಲಿಕೆ ಇಲ್ಲ. 1939ರ ಮತ್ತು 1946ರ ಹಳೆಯ ಕಾಯ್ದೆಗಳು ಹೋಗಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಜನರ ಬಾಯಲ್ಲಿ ಇನ್ನೂ ‘ಸಿ ಫಾರಂ’ ಎಂದೇ ಇರುವ ಮಾಹಿತಿಯನ್ನು ಅತಿಥಿ ಬಂದ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಯ (ಎಫ್‌ಆರ್‌ಆರ್‌ಒ) ತಾಣದಲ್ಲಿ ಸಲ್ಲಿಸಬೇಕು. ಪಾಸ್‌ಪೋರ್ಟ್ ಮತ್ತು ವೀಸಾ ಸಂಖ್ಯೆ, ಅವುಗಳ ಅವಧಿ, ಭಾರತಕ್ಕೆ ಬಂದ ದಿನ, ಮುಂದಿನ ಊರು, ಫೋಟೊ ಬೇಕಾಗುತ್ತವೆ.

ತಪ್ಪುವುದು ಎರಡು ಕಡೆ. ಒಂದು, ತಾಣದಲ್ಲಿ ಹೋಂಸ್ಟೇ ಹೆಸರಿನ ಖಾತೆಗೆ ಅನುಮೋದನೆ ಸಿಗಲು ಸಮಯ ಹಿಡಿಯುತ್ತದೆ. ಅತಿಥಿ ಬಾಗಿಲಲ್ಲಿ ನಿಂತಾಗ ಅರ್ಜಿ ಹಾಕಿದರೆ ಗಡುವು ಮೀರುತ್ತದೆ. ಎರಡು, ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ‘ನಾಳೆ ನೋಡೋಣ’ ಎನ್ನುವುದು. ಗಡಿಯಾರ ಓಡುವುದು ಅತಿಥಿ ಬಂದ ಹೊತ್ತಿನಿಂದ, ಕರೆಂಟು ಬಂದ ಹೊತ್ತಿನಿಂದಲ್ಲ. ಸಲ್ಲಿಸಿದ ಮೇಲೆ ಸಿಗುವ ಸ್ವೀಕೃತಿ ಪಿಡಿಎಫ್ ಇಟ್ಟುಕೊಳ್ಳಿ, ಪಾಸ್‌ಪೋರ್ಟಿನ ಫೋಟೊಗಳನ್ನು ಮೊಬೈಲಿನಿಂದ ಅಳಿಸಿ. ಗ್ಯಾಲರಿಯಲ್ಲಿ ಅಳಿಸಿದ್ದು ‘ಇತ್ತೀಚೆಗೆ ಅಳಿಸಿದ್ದು’ ಎಂಬ ಕಡೆ ಮತ್ತೆ ಹಲವು ದಿನ ಇರುತ್ತದೆ, ಅಲ್ಲಿಂದಲೂ ತೆಗೆಯಿರಿ.

ಕ್ಯಾಮೆರಾ

ಗೇಟು, ಗಾಡಿ ನಿಲ್ಲಿಸುವ ಜಾಗ, ಕಚೇರಿಯ ಜಗಲಿ: ಈ ಮೂರು ಸಾಕು. ಕೋಣೆ, ಬಚ್ಚಲುಮನೆ, ಈಜುಕೊಳದ ಬಳಿ ಬಟ್ಟೆ ಬದಲಿಸುವ ಜಾಗದಲ್ಲಿ ಕ್ಯಾಮೆರಾ ಇಟ್ಟರೆ ಅದು ನೇರ ಅಪರಾಧ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂನಡಿ ಮೂರು ವರ್ಷದವರೆಗೆ ಸಜೆ; ಮಹಿಳೆಯನ್ನು ಕದ್ದು ನೋಡಿದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂನಡಿ ಮೊದಲ ಸಲ ಒಂದರಿಂದ ಮೂರು ವರ್ಷ, ಮತ್ತೆ ಮಾಡಿದರೆ ಮೂರರಿಂದ ಏಳು ವರ್ಷ. ಕೆಟ್ಟ ಉದ್ದೇಶವಿಲ್ಲದೆಯೂ ಸಿಕ್ಕಿಬೀಳುವುದು ಓಣಿಯ ಕ್ಯಾಮೆರಾದಿಂದ. ಬಾಗಿಲು ತೆರೆದಾಗ ಮಂಚದವರೆಗೆ ಕಾಣುತ್ತದೆಯೇ ಎಂದು ನೀವೇ ಪರದೆಯಲ್ಲಿ ನೋಡಿ. ಕಂಡರೆ ಕೋನ ತಿರುಗಿಸಿ, ಇಲ್ಲವೇ ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನಲ್ಲಿರುವ ‘ಪ್ರೈವಸಿ ಮಾಸ್ಕ್’ ಬಳಸಿ ಆ ಭಾಗವನ್ನು ಕಪ್ಪು ಮಾಡಿ. ಮೈಕ್ ಇದ್ದರೆ ಆಫ್ ಮಾಡಿ. ಗೇಟಿಗೆ ದೃಶ್ಯ ಬೇಕು, ಮಾತು ಬೇಡ. ಕ್ಯಾಮೆರಾ ಇದೆ ಎಂಬ ಫಲಕ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರಲಿ.

ಹೊಸದಾಗಿ ಕೊಳ್ಳುವವರು ಕೇಂದ್ರ ಸರ್ಕಾರದ ಎಸ್‌ಟಿಕ್ಯುಸಿ ಸಂಸ್ಥೆಯ ಪರೀಕ್ಷೆ ಆಗಿದೆಯೇ ಎಂದು ಕೇಳಿ. 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ. ದೃಶ್ಯ ಹೊರದೇಶದ ಸರ್ವರಿಗೆ ಹರಿಯುವ ಭಯವೇ ಇದರ ಹಿಂದಿನ ಕಾರಣ. ಆದರೆ ಎಂಥ ಪರೀಕ್ಷೆ ಪಾಸಾದ ಪೆಟ್ಟಿಗೆಯೂ ‘ಅಡ್ಮಿನ್, 12345’ ಎಂಬ ಪಾಸ್‌ವರ್ಡಿನ ಮುಂದೆ ನಿಲ್ಲುವುದಿಲ್ಲ. ಅಳವಡಿಸಿದ ಹುಡುಗ ಹೊರಡುವ ಮೊದಲು ನೀವೇ ಹೊಸ ಪಾಸ್‌ವರ್ಡ್ ಹಾಕಿ, ಹೊರಗಿನಿಂದ ಒಳಬರಲು ತಾನಾಗಿ ದಾರಿ ತೆರೆಯುವ ಯುಪಿಎನ್‌ಪಿ ಸೌಲಭ್ಯವನ್ನು ರೂಟರ್‌ನಲ್ಲಿ ಆಫ್ ಮಾಡಿ, ಅವನ ಮೊಬೈಲಿನ ಆ್ಯಪಿನಿಂದ ನಿಮ್ಮ ಡಿವಿಆರ್ ತೆಗೆಸಿ. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ, ಹಾಗಾಗಿ ಎಷ್ಟೋ ತೋಟಗಳ ಗೇಟು ಅಳವಡಿಸಿದವನ ಜೇಬಿನಲ್ಲಿ ಕಾಣುತ್ತಿರುತ್ತದೆ.

ಹಾರ್ಡ್ ಡಿಸ್ಕ್ ಲೆಕ್ಕ ಹೀಗೆ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಬಿಡುವಿಲ್ಲದೆ ದಾಖಲಿಸಿದರೆ ದಿನಕ್ಕೆ 21.6 ಜಿಬಿ. ನಾಲ್ಕಕ್ಕೆ 86.4 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೇ ತುಂಬಿ ಹಳೆಯದರ ಮೇಲೆ ಬರೆಯತೊಡಗುತ್ತದೆ; 4 ಟಿಬಿ ಆದರೆ ಸುಮಾರು 46 ದಿನ. ಒಮ್ಮೆಗೆ 100 ಅಥವಾ ದಿನಕ್ಕೆ 500 ಜನ ಸೇರುವ ಜಾಗಗಳಿಗೆ ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನದ ದೃಶ್ಯ ಇಡಬೇಕೆನ್ನುತ್ತದೆ. ಮದುವೆಗೆ ಅಂಗಳ ಕೊಡುವ ರೆಸಾರ್ಟುಗಳು ಇದರೊಳಗೆ ಬರಬಹುದು. ಸಣ್ಣ ಹೋಂಸ್ಟೇಗೂ 30 ದಿನ ಒಳ್ಳೆಯ ಅಳತೆ. ಅದಕ್ಕಿಂತ ಹೆಚ್ಚು ಇಟ್ಟರೆ ಕಾಯುವ ಹೊರೆಯಷ್ಟೇ ಹೆಚ್ಚು.

ಮಲೆನಾಡಿನ ದೊಡ್ಡ ತಲೆನೋವು ಡಿವಿಆರ್ ಗಡಿಯಾರ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಕಡೆ ಒಳಗಿನ ಬಿಲ್ಲೆಯಂಥ ಸಿಆರ್ 2032 ಸೆಲ್ ಸತ್ತರೆ ದಿನಾಂಕ ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಓಡುತ್ತದೆ. ದೃಶ್ಯ ಇರುತ್ತದೆ, ಆದರೆ ಯಾವ ದಿನದ್ದೆಂದು ಹೇಳಲಾಗದು. ಸೆಲ್ ಬದಲಿಸಿ, ಎನ್‌ಟಿಪಿ ಎಂಬ ಆಯ್ಕೆಯಲ್ಲಿ ‘ಸಮಯ್1 ಡಾಟ್ ಎನ್‌ಐಸಿ ಡಾಟ್ ಇನ್’ ಎಂದು ತುಂಬಿದರೆ ಇಂಟರ್ನೆಟ್ ಬಂದಾಗಲೆಲ್ಲ ಸರ್ಕಾರಿ ಗಡಿಯಾರಕ್ಕೆ ಹೊಂದಿಕೊಳ್ಳುತ್ತದೆ. ಇನ್ನೊಂದು, ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಹುಳು ಬರುತ್ತದೆ, ಹುಳು ಹಿಡಿಯಲು ಜೇಡ ಬರುತ್ತದೆ, ಲೆನ್ಸ್ ಮುಂದೆ ಬಲೆ ಕಟ್ಟಿ ಇಡೀ ಚಿತ್ರ ಬೆಳ್ಳಗಾಗುತ್ತದೆ. ವಾರಕ್ಕೊಮ್ಮೆ ಬಟ್ಟೆಯಿಂದ ಒರೆಸಿ.

ವೈಫೈ

ಅತಿಥಿ ನಿಮ್ಮ ವೈಫೈನಿಂದ ಬೆದರಿಕೆ ಮೇಲ್ ಕಳಿಸಿದರೆ ಇಂಟರ್ನೆಟ್ ಕಂಪನಿಯ ದಾಖಲೆಯಲ್ಲಿ ಕಾಣುವ ವಿಳಾಸ ನಿಮ್ಮದು. ಒಳಗೆ ಯಾರ ಮೊಬೈಲ್ ಎಂದು ಗೊತ್ತಿರುವುದು ರೂಟರಿಗೆ ಮಾತ್ರ, ಅದೂ ಕರೆಂಟು ಹೋಗಿ ಬಂದರೆ ಮರೆಯುತ್ತದೆ. ಅತಿಥಿಗಳಿಗೆ ‘ಗೆಸ್ಟ್ ನೆಟ್‌ವರ್ಕ್’ ಬೇರೆ ಮಾಡಿ, ಡಿವಿಆರ್ ಮತ್ತು ಕಚೇರಿಯ ಕಂಪ್ಯೂಟರ್ ಅದರಲ್ಲಿ ಕಾಣದಂತಿರಲಿ, ಪಾಸ್‌ವರ್ಡ್ ತಿಂಗಳಿಗೊಮ್ಮೆ ಬದಲಾಗಲಿ. ಬದಲಿಸಿದ ದಿನ ಬರೆದಿಡಿ.

ಅತಿಥಿ ಏನು ನೋಡುತ್ತಾರೆಂದು ನೀವು ಇಣುಕುವಂತಿಲ್ಲ. ಹಾಗೆ ಕಣ್ಣಿಡಲು ಐಟಿ ಕಾಯ್ದೆಯ 69ನೇ ಕಲಂನಡಿ ಆದೇಶ ಬೇಕು. ಕೇಂದ್ರದಲ್ಲಿ ಗೃಹ ಕಾರ್ಯದರ್ಶಿ, ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ ಅದನ್ನು ಲಿಖಿತವಾಗಿ ಕೊಡುತ್ತಾರೆ. ಅಂಥ ಆದೇಶ ಬಂದ ಮೇಲೆ ಸಹಕರಿಸದಿದ್ದರೆ ಏಳು ವರ್ಷದವರೆಗೆ ಸಜೆ ಇದೆ. ಬಾಯಿಮಾತಿಗೆ ಆ ಬಲವಿಲ್ಲ.

ಪೊಲೀಸರು ಕೇಳಿದಾಗ

ಬೀಟ್ ಸಿಬ್ಬಂದಿ ಬಂದು ರಿಜಿಸ್ಟರ್ ನೋಡುತ್ತೇನೆಂದರೆ ತೋರಿಸಿ. ಪ್ರತಿ ಅಥವಾ ಕ್ಯಾಮೆರಾ ದೃಶ್ಯ ಬೇಕೆಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂನಡಿ ಠಾಣಾಧಿಕಾರಿಯ ಲಿಖಿತ ಸೂಚನೆ ಕೇಳಿ ಪಡೆಯಿರಿ. ಇದು ವಿರೋಧವಲ್ಲ; ಮುಂದೆ ನ್ಯಾಯಾಲಯದಲ್ಲಿ ಅವರಿಗೂ ಅದೇ ಕಾಗದ ಬೇಕು.

ದೃಶ್ಯ ಕೊಡುವ ಮೊದಲು ಡಿವಿಆರ್ ಪರದೆಯ ಸಮಯ ಮತ್ತು ನಿಮ್ಮ ಮೊಬೈಲಿನ ಸಮಯ ಎರಡೂ ಕಾಣುವಂತೆ ಒಂದು ಫೋಟೊ ತೆಗೆಯಿರಿ. ವ್ಯತ್ಯಾಸ ಏಳು ನಿಮಿಷವಿದ್ದರೆ ಏಳು ನಿಮಿಷ ಎಂದು ಬರೆದುಕೊಡಿ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಯುವುದಿಲ್ಲ, ತುಂಡು ತುಂಡಾಗಿ ತೆಗೆಯಿರಿ. ನಂತರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ. ಅದರ ‘ಎ’ ಭಾಗವನ್ನು ಪೆಟ್ಟಿಗೆಯ ಉಸ್ತುವಾರಿ ಇರುವವರು, ಅಂದರೆ ನೀವು, ತುಂಬಬೇಕು: ಡಿವಿಆರ್ ಮಾದರಿ, ಸೀರಿಯಲ್ ಸಂಖ್ಯೆ, ಫೈಲಿನ ಹ್ಯಾಶ್ ಮೌಲ್ಯ. ‘ಬಿ’ ಭಾಗ ತಜ್ಞರದ್ದು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು, ಒಂದು ಚುಕ್ಕಿ ಬದಲಾದರೂ ಬೇರೆಯಾಗುತ್ತದೆ; ವಿಂಡೋಸ್‌ನಲ್ಲೇ ಇರುವ ‘ಸರ್ಟ್‌ಯುಟಿಲ್’ ಎಂಬ ಆಜ್ಞೆ ಅದನ್ನು ಕೊಡುತ್ತದೆ. ಪ್ರತಿ ಕೊಟ್ಟರೆ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರ ಜುಲೈ 14ರಂದು, ಹಳೆಯ ಸಾಕ್ಷ್ಯ ಕಾಯ್ದೆ ಇದ್ದಾಗಲೇ, ಹೇಳಿದೆ. ಡಿವಿಆರ್ ಪೆಟ್ಟಿಗೆಯನ್ನೇ ವಶಪಡಿಸಿಕೊಂಡರೆ ಸೀರಿಯಲ್ ಸಂಖ್ಯೆ ಇರುವ ಪಟ್ಟಿಯ ಪ್ರತಿ ಪಡೆಯಿರಿ; ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂನಂತೆ ಆ ವಶವನ್ನು ಅವರು ವಿಡಿಯೊ ಮಾಡಬೇಕು.

ಪಟ್ಟಿ ಕೇಳುವವರೆಲ್ಲ ಪೊಲೀಸರಲ್ಲ. ‘ಸ್ಟೇಷನ್ನಿಂದ, ಈ ವಾರದ ಅತಿಥಿಗಳ ಆಧಾರ್ ವಾಟ್ಸ್ಆ್ಯಪ್ ಮಾಡಿ’ ಎಂಬ ಕರೆ ಬಂದರೆ ಫೋನ್ ಇಟ್ಟು, ಠಾಣೆಯ ನಂಬರಿಗೆ ನೀವೇ ಕರೆ ಮಾಡಿ. ಸಂಸ್ಕೃತಿ ಕಾಯುತ್ತೇವೆಂದು ಬರುವ ಗುಂಪಿಗೆ ಒಂದು ಹೆಸರನ್ನೂ ಹೇಳಬೇಡಿ. ಹೊರಗಿನವರು ಹೋಂಸ್ಟೇಗೆ ನುಗ್ಗಿದರೆ ಏನಾಗುತ್ತದೆಂದು 2012ರ ಜುಲೈ 28ರಂದು ಮಂಗಳೂರಿನ ಪಡೀಲ್‌ನಲ್ಲಿ ಗುಂಪೊಂದು ಹೋಂಸ್ಟೇಯಲ್ಲಿದ್ದ ಯುವಕ-ಯುವತಿಯರ ಮೇಲೆ ಹಲ್ಲೆ ಮಾಡಿದಾಗ ಎಲ್ಲರೂ ನೋಡಿದ್ದಾರೆ. ಸೇವೆ ಕೊಡುವಾಗ ಸಿಕ್ಕ ವಿವರವನ್ನು ಅತಿಥಿಗೆ ಹಾನಿಯಾಗುವಂತೆ ಹೊರಬಿಟ್ಟರೆ ಐಟಿ ಕಾಯ್ದೆಯ 72ಎ ಕಲಂ ಮೂರು ವರ್ಷದವರೆಗಿನ ಸಜೆ ಹೇಳುತ್ತದೆ. ಗುಂಪು ಬಂದರೆ ಗೇಟು ಹಾಕಿ 112ಕ್ಕೆ ಕರೆ ಮಾಡಿ.

ಸೋರಿದರೆ

ರೈಟರ್ ಮೊಬೈಲ್ ಕಳೆದುಹೋಯಿತು, ಅಥವಾ ಡಿವಿಆರ್‌ಗೆ ಯಾರೋ ಹೊರಗಿನಿಂದ ಒಳಹೊಕ್ಕರು ಎಂದುಕೊಳ್ಳಿ. ಮೊದಲು ಇಂಟರ್ನೆಟ್ ತಂತಿ ಕೀಳಿ, ಆದರೆ ಡಿವಿಆರ್ ಅನ್ನು ಫ್ಯಾಕ್ಟರಿ ರೀಸೆಟ್ ಮಾಡಬೇಡಿ, ಯಾರು ಬಂದರೆಂಬ ಲಾಗ್ ಅಳಿಸಿಹೋಗುತ್ತದೆ. ಪಾಸ್‌ವರ್ಡ್‌ಗಳನ್ನು ಬೇರೊಂದು ಫೋನಿನಿಂದ ಬದಲಿಸಿ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನದಂತೆ ಗೊತ್ತಾದ ಆರು ಗಂಟೆಯೊಳಗೆ ಅವರಿಗೆ ತಿಳಿಸಬೇಕು; ಉಚಿತ ಸಂಖ್ಯೆ 1800-11-4949. ಒಬ್ಬರೇ ನಡೆಸುವ ವ್ಯವಹಾರವೂ ಇದರ ವ್ಯಾಪ್ತಿಯಲ್ಲಿದೆ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಟ್ಟುಪಾಡು ಜಾರಿಗೆ ಬಂದ ಮೇಲೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ತಡಮಾಡದೆ ತಿಳಿಸಿ, 72 ಗಂಟೆಯೊಳಗೆ ಪೂರ್ತಿ ವಿವರವನ್ನೂ ಕೊಡಬೇಕಾಗುತ್ತದೆ. ಜೊತೆಗೆ ಯಾರ ವಿವರ ಹೋಯಿತೋ ಆ ಅತಿಥಿಗಳಿಗೂ ಹೇಳಬೇಕು: ಏನು ಹೋಯಿತು, ಯಾವಾಗ, ಅವರು ಏನು ಮಾಡಿಕೊಳ್ಳಬೇಕು, ಯಾರಿಗೆ ಫೋನ್ ಮಾಡಬೇಕು. ರಿಜಿಸ್ಟರಿನಲ್ಲಿ ನಾಲ್ಕೇ ಅಂಕಿ ಇಟ್ಟವರಿಗೆ ಈ ಫೋನ್ ಕರೆಗಳು ಬೇಗ ಮುಗಿಯುತ್ತವೆ.