ಔಟ್‌ಲುಕ್ ಫೈಲ್ ಕೆಟ್ಟಿದೆಯಾ? ದುಡ್ಡು ಕೊಡುವ ಮೊದಲು ಇದನ್ನು ಮಾಡಿ ನೋಡಿ

ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದರೆ ಚಿಕ್ಕಮಗಳೂರು ಕಡೆ ಕಾಫಿ ತೋಟದವರಿಗೆಲ್ಲ ಖುಷಿ. ಕಂಪ್ಯೂಟರಿಗೆ ಮಾತ್ರ ಅದು ಕೆಟ್ಟ ಕಾಲ. ಗುಡುಗು ಶುರುವಾಗುತ್ತದೆ, ಕರೆಂಟ್ ಹೋಗುತ್ತದೆ, ಬರುತ್ತದೆ, ಉಸ್ಸಪ್ಪಾ ಅನ್ನುವಷ್ಟರಲ್ಲಿ ಮತ್ತೆ ಹೋಗುತ್ತದೆ. ಆ ಹೊತ್ತಿನಲ್ಲಿ ಔಟ್‌ಲುಕ್ ತೆರೆದಿದ್ದು, ಬಂದ ಮೇಲ್‌ಗಳನ್ನು ಅದು ಡಿಸ್ಕಿಗೆ ಬರೆಯುತ್ತಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮಾರನೇ ದಿನ ತೆರೆದರೆ, ನಿಮ್ಮ ಫೈಲಿನಲ್ಲಿ ದೋಷಗಳಿವೆ, ಇನ್‌ಬಾಕ್ಸ್ ರಿಪೇರಿ ಟೂಲ್ ಬಳಸಿ ಎನ್ನುವ ಸಂದೇಶ ಪರದೆ ಮೇಲೆ ಬಂದು ಕೂರುತ್ತದೆ.

"ಎಲ್ಲಾ ಹೋಯ್ತು ಮಾರಾಯ್ರೇ" ಅಂತ ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದು ಒಂದೇ: ಸುಮ್ನೆ ಕೂತ್ಕೊಳ್ಳಿ, ಏನೂ ಒತ್ತಬೇಡಿ. ಹೆಚ್ಚಿನ ಸಲ ಮೇಲ್ ಹೋಗಿರುವುದಿಲ್ಲ. ಗಾಬರಿಯಲ್ಲಿ ಅದನ್ನಿದನ್ನು ಒತ್ತಿ, ಅಕೌಂಟ್ ತೆಗೆದು ಮತ್ತೆ ಸೇರಿಸಿ, ಯಾವುದೋ ಸಾಫ್ಟ್‌ವೇರ್ ಇಳಿಸಿಕೊಂಡ ಮೇಲೆ ಹೋಗುವುದೇ ಜಾಸ್ತಿ.

ಇಲ್ಲಿ ಹೇಳುತ್ತಿರುವುದು ಆಫೀಸ್ ಜೊತೆ ಬರುವ ಹಳೆಯ, ಅಂದರೆ ಕ್ಲಾಸಿಕ್ ಔಟ್‌ಲುಕ್ ಬಗ್ಗೆ. ಮೂಡಿಗೆರೆ, ಸಕಲೇಶಪುರ ಕಡೆಯ ಎಸ್ಟೇಟ್ ಆಫೀಸುಗಳಲ್ಲಿ, ಹೋಂಸ್ಟೇಗಳಲ್ಲಿ ಅದನ್ನು ಇನ್ನೂ ಬಳಸುವವರಿದ್ದಾರೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಕಳಿಸಿದ ಔಟ್‌ಟರ್ನ್ (ಎಷ್ಟು ಬೀಜ ಬಂತು ಎನ್ನುವ) ಲೆಕ್ಕ, ಮಣ್ಣು ಪರೀಕ್ಷೆಯ ವರದಿ, ಆಡಿಟರ್ ಜೊತೆಗಿನ ಹಳೇ ಪತ್ರ, ಎಲ್ಲವೂ ಒಂದೇ ಫೈಲಿನಲ್ಲಿ ತುಂಬಿಕೊಂಡಿರುತ್ತವೆ. ಅದಕ್ಕೇ ಅಷ್ಟು ಭಯ.

ಯಾವ ಫೈಲ್ ಅಂತ ಮೊದಲು ನೋಡಿ

ಔಟ್‌ಲುಕ್ ತೆರೆಯಬೇಡಿ. ಕಂಟ್ರೋಲ್ ಪ್ಯಾನೆಲ್ ತೆರೆದು, ನೋಟವನ್ನು ಸ್ಮಾಲ್ ಐಕಾನ್ಸ್ ಮಾಡಿಕೊಂಡರೆ ಮೇಲ್ ಎನ್ನುವ ಐಕಾನ್ ಸಿಗುತ್ತದೆ. ಅದರೊಳಗೆ ಇಮೇಲ್ ಅಕೌಂಟ್ಸ್ ಒತ್ತಿದರೆ ನಿಮ್ಮ ಖಾತೆ ಪಾಪ್ (ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ) ಬಗೆಯದೋ ಐಮ್ಯಾಪ್ (ಮೇಲ್ ಸರ್ವರಿನಲ್ಲೇ ಉಳಿಯುವ) ಬಗೆಯದೋ ಅಂತ ಹೆಸರಿನ ಪಕ್ಕದಲ್ಲೇ ಬರೆದಿರುತ್ತದೆ. ಅಲ್ಲೇ ಡೇಟಾ ಫೈಲ್ಸ್ ಟ್ಯಾಬಿಗೆ ಹೋಗಿ ಫೈಲಿನ ಹೆಸರಿನ ಕೊನೆ ನೋಡಿ. ಓಎಸ್‌ಟಿ ಅಂತಿದೆಯಾ, ಪಿಎಸ್‌ಟಿ ಅಂತಿದೆಯಾ?

ಇದನ್ನು ನೋಡದೆ ಮುಂದೆ ಹೋಗುವವರೇ ಜಾಸ್ತಿ. ಓಎಸ್‌ಟಿ ಅಂದರೆ ಕೈಯಲ್ಲಿರುವ ಪಹಣಿ ಜೆರಾಕ್ಸ್ ಇದ್ದ ಹಾಗೆ, ಅಸಲು ದಾಖಲೆ ಸರ್ವರಿನಲ್ಲಿ ಇರುತ್ತದೆ. ಅದನ್ನು ರಿಪೇರಿ ಮಾಡುತ್ತಾ ಕೂರುವ ಅಗತ್ಯವೇ ಇಲ್ಲ. ಬ್ರೌಸರಿನಲ್ಲಿ ಲಾಗಿನ್ ಆಗಿ ಮೇಲ್ ಎಲ್ಲ ಅಲ್ಲಿ ಇದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಇದ್ದರೆ ಓಎಸ್‌ಟಿ ಫೈಲಿನ ಹೆಸರು ಬದಲಿಸಿ ಔಟ್‌ಲುಕ್ ತೆರೆಯಿರಿ, ಅದು ಹೊಸ ಫೈಲ್ ಮಾಡಿಕೊಂಡು ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳುತ್ತದೆ. ಹಳ್ಳಿ ಕಡೆಯ ಇಂಟರ್ನೆಟ್ಟಿನಲ್ಲಿ ರಾತ್ರಿಯಿಡೀ ಆದರೂ ಆಯಿತು, ಅಷ್ಟೇ. ಒಂದು ಎಚ್ಚರಿಕೆ: ದಿಸ್ ಕಂಪ್ಯೂಟರ್ ಓನ್ಲಿ ಅಂತ ಹೆಸರಿರುವ ಫೋಲ್ಡರುಗಳು ಸರ್ವರಿನಲ್ಲಿ ಇರುವುದಿಲ್ಲ.

ಪಿಎಸ್‌ಟಿ ಆದರೆ ಕಥೆ ಬೇರೆ. ಪಾಪ್ ಖಾತೆಯಲ್ಲಿ ಮೇಲ್ ಸರ್ವರಿನಿಂದ ಇಳಿದು ನಿಮ್ಮ ಡಿಸ್ಕಿಗೆ ಬಂದು, ಸರ್ವರಿನಲ್ಲಿ ಅಳಿದು ಹೋಗಿರಬಹುದು. ಇರುವುದು ಇದೊಂದೇ ಪ್ರತಿ ಅಂತಲೇ ತಿಳಿದುಕೊಂಡು ಕೈ ಹಾಕಿ.

ಮುಟ್ಟುವ ಮೊದಲು ಪ್ರತಿ ತೆಗೆಯಿರಿ

ಡೇಟಾ ಫೈಲ್ಸ್ ಟ್ಯಾಬಿನಲ್ಲೇ ಓಪನ್ ಫೈಲ್ ಲೊಕೇಶನ್ ಒತ್ತಿದರೆ ಫೈಲ್ ಇರುವ ಜಾಗ ತೆರೆದುಕೊಳ್ಳುತ್ತದೆ. ಔಟ್‌ಲುಕ್ 2010ರಿಂದ ಈಚೆಗೆ ಅದು ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗಿನ ಔಟ್‌ಲುಕ್ ಫೈಲ್ಸ್ ಫೋಲ್ಡರಿನಲ್ಲಿ ಇರುತ್ತದೆ. ಅಲ್ಲಿಂದ ಕಾಪಿ ಮಾಡಿ ಬೇರೆ ಡಿಸ್ಕಿಗೆ ಹಾಕಿ. ಪೆನ್‌ಡ್ರೈವಿಗೆ ಹಾಕುವಾಗ ಜಾಗ ಖಾಲಿ ಇದ್ದರೂ ಫೈಲ್ ತುಂಬಾ ದೊಡ್ಡದು ಅಂತ ಕಂಪ್ಯೂಟರ್ ಹಟ ಹಿಡಿದರೆ, ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದೆ ಅಂತ ಅರ್ಥ. ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂಟಿ ಫೈಲ್ ಹಿಡಿಯುವುದಿಲ್ಲ.

ಫೈಲ್ ಬಳಕೆಯಲ್ಲಿದೆ ಅಂದರೆ ಔಟ್‌ಲುಕ್ ಹಿಂದೆಲ್ಲೋ ಓಡುತ್ತಿದೆ. ಟಾಸ್ಕ್ ಮ್ಯಾನೇಜರಿನಲ್ಲಿ ಹುಡುಕಿ ನಿಲ್ಲಿಸಿ. ಕಾಪಿ ಮಾಡುವಾಗಲೇ ಅರ್ಧದಲ್ಲಿ ಎರರ್ ಬಂದರೆ ತೊಂದರೆ ಫೈಲಿನದ್ದಲ್ಲ, ಡಿಸ್ಕಿನದ್ದೇ ಇರಬಹುದು. ಆಗ ರಿಪೇರಿ ಬಿಟ್ಟು, ಬೇರೆ ಮುಖ್ಯ ಫೈಲುಗಳನ್ನು ಮೊದಲು ಹೊರಗೆ ತೆಗೆಯಿರಿ. ಆಮೇಲೆ ಡ್ರೈವಿನ ಪ್ರಾಪರ್ಟೀಸ್, ಟೂಲ್ಸ್ ಒಳಗೆ ಚೆಕ್ ಒತ್ತಿ ನೋಡಿ.

ರಿಪೇರಿ

ಬೇಕಾದ ಟೂಲ್ ನಿಮ್ಮ ಕಂಪ್ಯೂಟರಿನಲ್ಲೇ ಇದೆ, ಪುಕ್ಕಟೆ. ಹೆಸರು ಸ್ಕ್ಯಾನ್‌ಪಿಎಸ್‌ಟಿ, ಪರದೆ ಮೇಲಿನ ಸಂದೇಶ ಇನ್‌ಬಾಕ್ಸ್ ರಿಪೇರಿ ಟೂಲ್ ಅಂದದ್ದು ಇದನ್ನೇ. ಸ್ಟಾರ್ಟ್ ಮೆನುವಿನಲ್ಲಿ ಕಾಣುವುದಿಲ್ಲ, ಹಾಗಾಗಿಯೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಿ ಡ್ರೈವ್, ಪ್ರೋಗ್ರಾಂ ಫೈಲ್ಸ್, ಮೈಕ್ರೋಸಾಫ್ಟ್ ಆಫೀಸ್, ರೂಟ್, ಆಫೀಸ್16, ಹೀಗೆ ಒಂದೊಂದೇ ತೆರೆಯುತ್ತಾ ಹೋಗಿ. ಆಫೀಸ್ 2016, 2019, 2021, 365 ಇವೆಲ್ಲಕ್ಕೂ 16 ಎಂಬ ಸಂಖ್ಯೆಯೇ. 2013ಕ್ಕೆ 15, 2010ಕ್ಕೆ 14. ಕೆಲವು ಕಡೆ ರೂಟ್ ಫೋಲ್ಡರ್ ಇರುವುದಿಲ್ಲ, ಕೆಲವು ಕಡೆ ಎಲ್ಲವೂ ಎಕ್ಸ್86 ಅಂತ ಬರೆದಿರುವ ಇನ್ನೊಂದು ಪ್ರೋಗ್ರಾಂ ಫೈಲ್ಸ್ ಒಳಗೆ ಇರುತ್ತದೆ.

ಅಲ್ಲಿರುವ ಸ್ಕ್ಯಾನ್‌ಪಿಎಸ್‌ಟಿ ತೆರೆದರೆ ಒಂದು ಪುಟ್ಟ ವಿಂಡೋ. ಬ್ರೌಸ್ ಒತ್ತಿ ಪಿಎಸ್‌ಟಿ ಆರಿಸಿ, ಸ್ಟಾರ್ಟ್ ಒತ್ತಿ. ಒಟ್ಟು 8 ಹಂತ. ಫೈಲ್ ದೊಡ್ಡದಿದ್ದರೆ ಕೆಲಸ ಎಷ್ಟು ಮುಗಿಯಿತು ಅಂತ ತೋರಿಸುವ ಪಟ್ಟಿ ಅರ್ಧದಲ್ಲಿ ನಿಂತುಬಿಡುತ್ತದೆ, ಮೇಲೆ ನಾಟ್ ರೆಸ್ಪಾಂಡಿಂಗ್ ಅಂತಲೂ ಬರುತ್ತದೆ. ಸತ್ತಿಲ್ಲ, ಕೆಲಸ ಮಾಡುತ್ತಿದೆ. ಮುಚ್ಚಬೇಡಿ, ಕಾಫಿ ಕುಡಿದು ಬನ್ನಿ, ಊಟವನ್ನೂ ಮುಗಿಸಿ ಬನ್ನಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ಗುಡುಗು ಇರುವ ಸಂಜೆ ಈ ಕೆಲಸಕ್ಕೆ ಕೂರಲೇಬೇಡಿ.

ಹುಡುಕಾಟ ಮುಗಿದ ಮೇಲೆ ಸಿಕ್ಕ ದೋಷಗಳ ಬಗ್ಗೆ ಹೇಳಿ, ರಿಪೇರಿ ಮಾಡಲಾ ಅಂತ ಕೇಳುತ್ತದೆ. ಅಲ್ಲೇ ಬ್ಯಾಕಪ್ ಮಾಡುವ ಚೌಕಕ್ಕೆ ಟಿಕ್ ಇರಲಿ. ನಿಮ್ಮ ಹತ್ತಿರ ಪ್ರತಿ ಇದ್ದರೂ ಇರಲಿ, ಏನಾಯ್ತು? ರಿಪೇರಿ ಒತ್ತಿ. ಮುಗಿದ ಮೇಲೆ ಅದೇ ಫೈಲಿನ ಮೇಲೆ ಇನ್ನೊಮ್ಮೆ ಓಡಿಸಿ. ಒಂದೇ ಸಲಕ್ಕೆ ಎಲ್ಲವೂ ಸರಿಹೋಗದೇ ಇರಬಹುದು, ದೋಷ ಇಲ್ಲ ಅನ್ನುವವರೆಗೂ ಓಡಿಸುವುದೇ ಸರಿ. ಏನೇನು ಮಾಡಿತು ಅನ್ನುವುದರ ಲಾಗ್ ಫೈಲ್ ಪಿಎಸ್‌ಟಿ ಪಕ್ಕದಲ್ಲೇ ಇರುತ್ತದೆ.

ಈಗ ಔಟ್‌ಲುಕ್ ತೆರೆಯಿರಿ. ಎಡಗಡೆ ರಿಕವರ್ಡ್ ಪರ್ಸನಲ್ ಫೋಲ್ಡರ್ಸ್ ಅಥವಾ ಲಾಸ್ಟ್ ಅಂಡ್ ಫೌಂಡ್ ಅಂತ ಹೊಸ ಫೋಲ್ಡರ್ ಕಾಣಿಸಬಹುದು. ಯಾವ ಫೋಲ್ಡರಿಗೆ ಸೇರಿದ್ದು ಅಂತ ಟೂಲಿಗೆ ಗೊತ್ತಾಗದ ಮೇಲ್‌ಗಳು ಅಲ್ಲಿರುತ್ತವೆ. ಹೊಸ ಡೇಟಾ ಫೈಲ್ ಒಂದು ಮಾಡಿಕೊಂಡು, ಅವನ್ನೆಲ್ಲ ಅದಕ್ಕೆ ಎಳೆದು ಹಾಕಿ. ಅಲ್ಲೂ ಇಲ್ಲದ್ದು ಆ ಟೂಲಿಗೆ ಸಿಕ್ಕಿಲ್ಲ ಅಂತಲೇ.

ಸ್ಕ್ಯಾನ್‌ಪಿಎಸ್‌ಟಿ ಕೈ ಚೆಲ್ಲಿದರೆ ಫೈಲಿನ ಗಾತ್ರ ನೋಡಿ. 0 ಅಂತಿದ್ದರೆ ಒಳಗೆ ಏನೂ ಇಲ್ಲ, ಹಳೇ ಬ್ಯಾಕಪ್ ಹುಡುಕಿ. ಗಾತ್ರ ಸರಿ ಇದ್ದರೆ ಮಾತ್ರ ದುಡ್ಡು ಕೊಡುವ ಸಾಫ್ಟ್‌ವೇರ್ ಬಗ್ಗೆ ಯೋಚಿಸಿ. ಅದರಲ್ಲೂ ಪುಕ್ಕಟೆ ಡೆಮೊದಲ್ಲಿ ನಿಮ್ಮ ಮೇಲ್‌ಗಳ ಒಳಗಿನ ಬರಹ ಓದಲು ಬರುತ್ತಾ ಅಂತ ನೋಡಿ ಆಮೇಲೆ ಕೊಡಿ. ಬರೀ ಪಟ್ಟಿ ತೋರಿಸಿ ದುಡ್ಡು ಕೇಳುವುದನ್ನು ನಾನಂತೂ ನಂಬುವುದಿಲ್ಲ.

ಸರಿಹೋದ ಮೇಲೆ ಆ ಫೈಲನ್ನು ಪೆನ್‌ಡ್ರೈವಿನಿಂದಲೋ ನೆಟ್‌ವರ್ಕ್ ಫೋಲ್ಡರಿನಿಂದಲೋ ಬಳಸಬೇಡಿ. ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್ (ಇಂಟರ್ನೆಟ್ಟಿನಲ್ಲಿ ಫೈಲ್ ಇಡುವ ಸೇವೆ) ಜೊತೆ ಸಿಂಕ್ ಆಗುತ್ತಿದ್ದರೆ ಪಿಎಸ್‌ಟಿಯನ್ನು ಅಲ್ಲಿಂದ ಹೊರಗೆ ಇಡಿ. 2010ರಿಂದ ಈಚೆಗೆ ಫೈಲ್ 50 ಜಿಬಿವರೆಗೂ ಬೆಳೆಯಬಹುದು ನಿಜ, ಆದರೆ ಅಷ್ಟು ಬೆಳೆಯಲು ಬಿಡುವುದು ಯಾಕೆ? ಏಪ್ರಿಲ್‌ನಲ್ಲಿ ಹೊಸ ಲೆಕ್ಕದ ವರ್ಷ ಶುರುವಾದಾಗ ಹೊಸ ಪಿಎಸ್‌ಟಿ ಮಾಡಿ, ಹಿಂದಿನ ವರ್ಷದ್ದನ್ನು ಅದಕ್ಕೆ ಸಾಗಿಸಿ. ಆಮೇಲೆ ಔಟ್‌ಲುಕ್ ಮುಚ್ಚಿ ಆ ಫೈಲಿನ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೂ ಹಾಕಿ.