ಶನಿವಾರ ಪುಂಗಿ, ಭಾನುವಾರ ಗಾಸ್ಪೆಲ್

ಶನಿವಾರ ರಾತ್ರಿ ರಸಮಂಜರಿ ಸ್ಟೇಜಿನಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ, ಕಾಯರ್ ಅಂದರೆ ಹಾಡುವ ತಂಡದ ಜೊತೆ. ಎರಡಕ್ಕೂ ಕೀಬೋರ್ಡ್ ಒಂದೇ. ಗಣೇಶನ ಹಬ್ಬದ ಸೀಸನ್‌ನಲ್ಲಿ ನಡುವೆ ಸಿಗುವುದು ಮೂರು ಗಂಟೆ ನಿದ್ದೆ.

ಸ್ಟೇಜಿನಲ್ಲಿ ಹತ್ತು ಹಾಡು ಮುಗಿಯುವಷ್ಟರಲ್ಲಿ ಕೆಳಗಿಂದ ಕೂಗು ಬಂದೇ ಬರುತ್ತದೆ: "ಗುರುವೇ, ನಾಗಿನ್ ಬಿಡಿ!" ಒಬ್ಬ ಆಗಲೇ ಕರ್ಚೀಫ್ ಕಚ್ಚಿಕೊಂಡು ಹಾವಾಡಿಗನಾಗಿರುತ್ತಾನೆ. ಇನ್ನೊಬ್ಬ ಕೈಯಲ್ಲಿ ಹೆಡೆ ಮಾಡಿ ನೆಲದ ಮೇಲೆ ಹೊರಳುತ್ತಿರುತ್ತಾನೆ.

ಮೊದಮೊದಲು ನಾನು ಶೆಹನಾಯಿ ಟೋನ್ ಇಟ್ಟು ನುಡಿಸುತ್ತಿದ್ದೆ. ಜನ ಕುಣಿಯುತ್ತಿದ್ದರು, ಅವರಿಗೇನು! ಆದರೆ ನನ್ನ ಕಿವಿಗೆ ಅದು ಮದುವೆ ಮನೆ ಥರ ಕೇಳುತ್ತಿತ್ತು. ಆಮೇಲೆ 1954ರ ಹಿಂದಿ 'ನಾಗಿನ್' ಚಿತ್ರದ ಹಾಡನ್ನು ಕೂತು ಕೇಳಿದೆ. ಸಂಗೀತ ಹೇಮಂತ್ ಕುಮಾರ್ ಅವರದು. ಅಲ್ಲಿರುವುದು ನಿಜವಾದ ಪುಂಗಿಯಲ್ಲ. ಕಲ್ಯಾಣ್‌ಜಿ ನುಡಿಸಿದ ಕ್ಲಾವಿಯೋಲಿನ್ ಎಂಬ ಎಲೆಕ್ಟ್ರಾನಿಕ್ ವಾದ್ಯ, ಜೊತೆಗೆ ರವಿ ಅವರ ಹಾರ್ಮೋನಿಯಂ. ಕ್ಲಾವಿಯೋಲಿನ್‌ನಲ್ಲಿ ಒಂದು ಸಲಕ್ಕೆ ಒಂದೇ ಸ್ವರ ಬರುತ್ತದೆ. ಅದು ಗೊತ್ತಾದ ದಿನವೇ ಕೀಬೋರ್ಡಿನ ಬಲಗೈ ಭಾಗವನ್ನು ಒಂದೇ ಸ್ವರದ ಮೋನೋ ಮೋಡ್‌ಗೆ ಹಾಕಿದೆ. ಅರ್ಧ ಕೆಲಸ ಅಲ್ಲೇ ಆಯಿತು.

ಉಳಿದರ್ಧ ಕಲಿಸಿದ್ದು ಪುಂಗಿಯೇ. ಚಿಕ್ಕಂದಿನಲ್ಲಿ ಸಂತೆಯಲ್ಲಿ ನೋಡಿದ್ದೆ. ಸೋರೆ ಬುರುಡೆಗೆ ಎರಡು ಕೊಳವೆ. ಒಂದರಲ್ಲಿ ರಾಗ, ಇನ್ನೊಂದರಲ್ಲಿ ಬರೀ ಶ್ರುತಿ. ಹಾವಾಡಿಗ ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಅದನ್ನು ಹೊರಗೆ ತಳ್ಳುವಾಗಲೇ ಮೂಗಿನಲ್ಲಿ ಉಸಿರೆಳೆಯುತ್ತಾನೆ. ನಾದ ತುಂಡಾಗುವುದೇ ಇಲ್ಲ. ಹಾಗಾಗಿ ನಾನೂ ಮುಂದಿನ ಮನೆ, ಅಂದರೆ ಕೀ, ಒತ್ತದೆ ಹಿಂದಿನ ಬೆರಳು ಎತ್ತುವುದಿಲ್ಲ. ಎಡಗೈಯಲ್ಲಿ ಷಡ್ಜ ಹಿಡಿದೇ ಇರುತ್ತೇನೆ. ಹಾರ್ಮೋನಿಯಂನವರ ಲೆಕ್ಕದಲ್ಲಿ ಬಿಳಿ ಮೂರನ್ನು (E ಮನೆ) ಷಡ್ಜ ಮಾಡಿಕೊಂಡರೆ ಬಿಳಿ ಮನೆಗಳಲ್ಲೇ ತೋಡಿ ರಾಗದ ಸ್ವರಗಳೆಲ್ಲ ಸಿಗುತ್ತವೆ. ಹಾವಿನ ರಾಗ ಅಂತ ಹೆಸರಾದ ಪುನ್ನಾಗವರಾಳಿಯೂ ತೋಡಿಯದೇ ಮಗು. ಸ್ವರವನ್ನು ನೆಟ್ಟಗೆ ನಿಲ್ಲಿಸಬಾರದು, ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಚಕ್ರದಲ್ಲಿ ತೂಗಿಸಬೇಕು. ಹಾವು ಆಡುವುದೂ ರಾಗಕ್ಕಲ್ಲ, ತೂಗುವ ಪುಂಗಿಯನ್ನು ನೋಡಿ, ಅಲ್ವಾ?

ಇದೇ ಚಾಳಿಯನ್ನು ಚರ್ಚಿಗೂ ಹೊತ್ತುಕೊಂಡು ಹೋದೆ. ಎಲ್ಲೂ ಬಿಡುವಿಲ್ಲದೆ ತುಂಬಿ ತುಂಬಿ ನುಡಿಸಿದೆ. ಪ್ರಾಕ್ಟೀಸ್ ಮುಗಿದ ಮೇಲೆ ಕಾಯರ್‌ನ ಹಿರಿಯ ಆಂಟಿ ಕೇಳಿದರು: "ಏನಪ್ಪಾ, ನೀನು ಉಸಿರಾಡಲ್ವಾ? ನಮಗಾದ್ರೂ ಬಿಡು."

ನಮ್ಮ ಹಳೆಯ ಕನ್ನಡ ಕೀರ್ತನೆಗಳಲ್ಲಿ ಹೇಗೋ ನಡೆದುಹೋಗುತ್ತಿತ್ತು. ಆದರೆ ಹುಡುಗರು ಆರಿಸಿಕೊಂಡದ್ದು ಅಮೆರಿಕದ ಥಾಮಸ್ ಡಾರ್ಸಿಯ 'ಪ್ರೆಷಸ್ ಲಾರ್ಡ್', ಅಲ್ಲಿನ ಕಪ್ಪು ಜನರ ಚರ್ಚುಗಳ ಗಾಸ್ಪೆಲ್ ಹಾಡು. ಡಾರ್ಸಿ ಮೊದಲು 'ಜಾರ್ಜಿಯಾ ಟಾಮ್' ಅಂತ ಬ್ಲೂಸ್ ಪಿಯಾನೋ ನುಡಿಸುತ್ತಿದ್ದವರು. 1932ರಲ್ಲಿ ಹೆರಿಗೆಯಲ್ಲಿ ಹೆಂಡತಿ ತೀರಿಹೋದರು, ಹಿಂದೆಯೇ ಮಗುವೂ ಹೋಯಿತು. ಆ ಸಂಕಟದಲ್ಲಿ ಹುಟ್ಟಿದ ಹಾಡು ಅದು. ಅದಕ್ಕೆ ಅವಸರ ಮಾಡಿದರೆ ಅಸಹ್ಯ. ಪ್ರತಿ ಸಾಲಿನ ಕೊನೆಗೆ ಬಲಗೈ ಎತ್ತಿಬಿಡುವುದನ್ನು ಅಭ್ಯಾಸ ಮಾಡಿದೆ. ಆ ಖಾಲಿ ಜಾಗದಲ್ಲಿ ಬಾಸ್ ಮಾತ್ರ ಹೆಜ್ಜೆ ಹಾಕುತ್ತದೆ: ಸ, ಗ, ಮ, ಪ್ರತಿಮಧ್ಯಮ (ಮ ಮತ್ತು ಪ ನಡುವಿನ ಮನೆ), ಪ. ಆ ಪ್ರತಿಮಧ್ಯಮ ಬಂದಾಗ ಕಾಯರ್‌ನವರ ಮುಖ ನೋಡಬೇಕು ನೀವು!

ಚರ್ಚಿನಲ್ಲಿ ಟೋನ್ ಹ್ಯಾಮಂಡ್ ಎಂಬ ವಿದ್ಯುತ್ ಆರ್ಗನ್ನಿನದು. 1935ರಲ್ಲಿ ಅದು ಮಾರುಕಟ್ಟೆಗೆ ಬಂದಾಗ, ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳು ಕೊಂಡವು. ಅದು ಪೈಪ್ ಆರ್ಗನ್ನಿನ ವೇಷ, ಕ್ಲಾವಿಯೋಲಿನ್ ಪುಂಗಿಯ ವೇಷ, ನನ್ನ ಕೀಬೋರ್ಡ್ ಈ ಎರಡರ ವೇಷ. ಎಲ್ಲಾ ಒಂಥರಾ ಪುಂಗಿ ಬಿಡೋದೇ ಅನ್ನಿ.

ಒಂದು ಭಾನುವಾರ ನಿದ್ದೆಗಣ್ಣಲ್ಲಿ ಟೋನ್ ಬದಲಿಸುವುದು ಮರೆತೆ. ಪ್ರಾರ್ಥನೆ ಮುಗಿದು ಎಲ್ಲರೂ ಮೌನವಾಗಿದ್ದರು. ಆರ್ಗನ್ ಅಂದುಕೊಂಡು ಮೂರು ಮನೆ ಒತ್ತಿದೆ. ಮೋನೋ ಮೋಡ್ ನೋಡಿ, ಒಂದೇ ಸ್ವರ, ಅದೂ ಜಾರಿಕೊಂಡು, ಕುಂಯ್ಯೋ ಅಂತ! ಸಭಾಪಾಲಕರು ಕಣ್ಣು ತೆರೆಯಲಿಲ್ಲ. ಭುಜ ಮಾತ್ರ ಕುಲುಕುತ್ತಿತ್ತು.

ಈಗ ನಾಗಿನ್ ಟೋನನ್ನು ಕೀಬೋರ್ಡಿನ ಕೊನೆಯ ಮೆಮೊರಿ ಬ್ಯಾಂಕಿನಲ್ಲಿ ಇಟ್ಟಿದ್ದೇನೆ. ಆದರೂ ಮುಂದಿನ ಸಾಲಿನ ಒಬ್ಬ ಪುಟ್ಟ ಹುಡುಗ, ನಾನು ಕೀಬೋರ್ಡ್ ಆನ್ ಮಾಡಿದರೆ ಸಾಕು, ಮಡಿಲಲ್ಲೇ ಕೈಯಿಂದ ಸಣ್ಣ ಹೆಡೆ ಮಾಡಿಕೊಂಡು ಕಾಯುತ್ತಾನೆ.